ಲಾರಿ ಎಂಬ ಉತ್ತರ

ಮೇ ತಿಂಗಳ ಕೊನೆಗೆ ಎರಡು ಹದಮಳೆ ಬಿದ್ದರೆ ಸಾಕು, ಓಲ್ಡ್ ಟೌನಿನ ನಮ್ಮ ಮನೆಯ ಹಿತ್ತಿಲಲ್ಲಿ ಯಾರೂ ಬಿತ್ತದ ಬೆಳೆಯೊಂದು ತಲೆಯೆತ್ತುತ್ತದೆ. ಬಚ್ಚಲ ನೀರು ಹರಿಯುವ ಕಡೆ ಟೊಮೇಟೊ, ಪಾತ್ರೆ ತೊಳೆಯುವ ಕಲ್ಲಿನ ಮಗ್ಗುಲಿಗೆ ಮೆಣಸಿನ ಸಸಿ, ತೆಂಗಿನ ಬುಡದಲ್ಲಿ ಪರಂಗಿ, ಕಾಂಪೌಂಡು ಗೋಡೆಯ ಬಿರುಕಿನಲ್ಲಿ ಅಶ್ವತ್ಥ, ಉಳಿದ ಜಾಗದಲ್ಲೆಲ್ಲ ಕಾಂಗ್ರೆಸ್ ಗಿಡ. ಬೆಳಗ್ಗೆ ಕಾಫಿ ಲೋಟ ಹಿಡಿದು ಹಿತ್ತಿಲಿಗೆ ಹೋಗಿ ಇವುಗಳ ಹಾಜರಿ ತೆಗೆದುಕೊಳ್ಳುವುದು ನಿವೃತ್ತಿಯ ನಂತರ ನಾನು ರೂಢಿಸಿಕೊಂಡ ದಿನಚರಿ. ಮೂವತ್ತನಾಲ್ಕು ವರ್ಷ ಹಾಜರಿ ಕೂಗಿದ ಬಾಯಿ ಸುಮ್ಮನಿರಬೇಕಲ್ಲ! ನಮ್ಮ ಮನೆಯಾಕೆ ಒಳಗಿನಿಂದ, "ಇವತ್ತು ಯಾರು ಗೈರುಹಾಜರು?" ಎಂದು ಕೇಳಿ ನಗುತ್ತಾಳೆ.

ಹಾಜರಿಯ ನಂತರದ ಪ್ರಶ್ನೆ ಯಾವಾಗಲೂ ಒಂದೇ. ನೀನು ಎಲ್ಲಿಂದ ಬಂದೆ, ನಿನ್ನನ್ನು ಯಾರು ತಂದರು? ಈ ಪ್ರಶ್ನೆಗೆ ನಾನು ತರಗತಿಯಲ್ಲಿ ಎಷ್ಟೋ ವರ್ಷ ನಿಸ್ಸಂದೇಹವಾಗಿ ಉತ್ತರ ಹೇಳಿದ್ದೇನೆ. ಅದರಲ್ಲಿ ಒಂದು ತಪ್ಪು ನಡೆದುಹೋಯಿತು. ಅದನ್ನು ಹೇಳಿಕೊಳ್ಳಲೆಂದೇ ಈ ಬರಹ. ಆದರೆ ಮೇಷ್ಟರ ಜಾಯಮಾನ ನೋಡಿ, ಪಾಠ ಮುಗಿಸದೆ ತಪ್ಪೊಪ್ಪಿಗೆಗೆ ಬರಲು ಮನಸ್ಸು ಒಪ್ಪುವುದಿಲ್ಲ.

ಹೊರಗಿನ ಓದುಗರಿಗಾಗಿ ನಮ್ಮ ಊರಿನ ಬಗ್ಗೆ ಎರಡು ಮಾತು. ಓಲ್ಡ್ ಟೌನ್ ಎಂದರೆ ಭದ್ರಾವತಿಯ ಹಳೆಯ ಊರು. ಭದ್ರಾವತಿಗೆ ಬೆಂಕಿಪುರ ಎಂಬ ಹೆಸರಿದ್ದ ಕಾಲದಿಂದಲೂ ಇರುವ ಭಾಗ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯ ಇರುವುದೂ ಇಲ್ಲಿಯೇ. ಮೈಸೂರು ಸಂಸ್ಥಾನ 1918ರಲ್ಲಿ ಕೈಹಾಕಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿದ ಮೇಲೆ ಅದರ ಆಸುಪಾಸಿನಲ್ಲಿ ಬೆಳೆದದ್ದು ನ್ಯೂಟೌನ್. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು. ಒಂದರ ಹೊಟ್ಟೆಗೆ ಕೆಮ್ಮಣ್ಣುಗುಂಡಿಯ ಅದಿರು ಮತ್ತು ಕಾಡಿನ ಸೌದೆಯಿಂದಾದ ಇದ್ದಿಲು, ಇನ್ನೊಂದರ ಹೊಟ್ಟೆಗೆ ಬಿದಿರು. ಹೀಗಾಗಿ ನಾನು ಕೆಲಸಕ್ಕೆ ಸೇರಿದ 1984ರ ಸುಮಾರಿಗೆ ನಮ್ಮೂರಿನ ರಸ್ತೆಗಳಲ್ಲಿ ಮನುಷ್ಯರಿಗಿಂತ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಬಾಲ ಉದ್ದಕ್ಕೆ ಚಾಚಿಕೊಂಡು ಸಾಗುವ ಬಿದಿರಿನ ಲಾರಿಗಳು. ಈ ಲಾರಿಗಳನ್ನು ಓದುಗರು ಸ್ವಲ್ಪ ನೆನಪಿನಲ್ಲಿಡಬೇಕು.

ಎಂಟನೆಯ ತರಗತಿಯ ಜೀವಶಾಸ್ತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಪಾಠ ಬೀಜಪ್ರಸಾರ. ಹೃದಯ, ಮೂತ್ರಪಿಂಡಗಳಿಗಾದರೆ ಚಾರ್ಟಿನ ಮೊರೆ ಹೋಗಬೇಕು. ಈ ಪಾಠಕ್ಕೆ ಪ್ರಯೋಗಶಾಲೆಯೇ ಬೇಡ. ವರ್ಷವಿಡೀ ದಾರಿಯಲ್ಲಿ ಹೆಕ್ಕಿದ ಕಾಯಿ, ಬೀಜಗಳನ್ನು ಬಿಸ್ಕತ್ತಿನ ತಗಡಿನ ಡಬ್ಬಿಗಳಲ್ಲಿ ತುಂಬಿಡುತ್ತಿದ್ದೆ. ಜೊತೆಗೆ ಎಲೆ, ಕೊಂಬೆಗಳನ್ನು ಹಳೆಯ ಪತ್ರಿಕೆಗಳ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಹೊಲಿದು, ಕೆಳಗೆ ನಾಲ್ಕು ಸಾಲು ಬರೆಯುತ್ತಿದ್ದೆ: ಹೆಸರು, ಸ್ಥಳ, ದಿನಾಂಕ, ಪ್ರಸಾರದ ಮಾಧ್ಯಮ. ಆ ಹಾಳೆಗಳ ಕಟ್ಟು ಈಗಲೂ ನಮ್ಮ ಅಟ್ಟದ ಮೇಲಿದೆ. ಅರ್ಧ ನನ್ನದು, ಅರ್ಧ ಗೆದ್ದಲಿನದು.

ಪಾಠವನ್ನು ಒಂದು ಪ್ರಶ್ನೆಯಿಂದ ಆರಂಭಿಸುತ್ತಿದ್ದೆ. ಒಂದು ಮಾವಿನ ಮರದ ಹಣ್ಣೆಲ್ಲ ಅದರ ಬುಡದಲ್ಲೇ ಬಿದ್ದು ಮೊಳೆತರೆ ಏನಾಗುತ್ತದೆ? ಕೂಡು ಕುಟುಂಬದಿಂದ ಬಂದ ಮಕ್ಕಳು ಇದಕ್ಕೆ ತಟ್ಟನೆ ಉತ್ತರ ಹೇಳುತ್ತಿದ್ದರು: "ಜಗಳ ಆಗ್ತದೆ ಸಾರ್!" ನಿಜವೇ. ಬೆಳಕಿಗೆ ಜಗಳ, ನೀರಿಗೆ ಜಗಳ, ಮಣ್ಣಿನ ಸಾರಕ್ಕೆ ಜಗಳ. ಅಷ್ಟೇ ಅಲ್ಲ, ತಾಯಿಮರಕ್ಕೆ ಅಂಟಿದ ಕೀಟ, ಬೂಷ್ಟು ರೋಗಗಳು ಕೆಳಗಿನ ಸಸಿಗಳನ್ನು ಮೊದಲು ಹಿಡಿಯುತ್ತವೆ. ಉಷ್ಣವಲಯದ ಕಾಡುಗಳಲ್ಲಿ ತಾಯಿಯಿಂದ ದೂರ ಹೋದ ಬೀಜಕ್ಕೇ ಬದುಕುವ ಅವಕಾಶ ಹೆಚ್ಚು ಎಂಬ ವಾದವನ್ನು ಜಾನ್ಜೆನ್ ಮತ್ತು ಕಾನೆಲ್ ಎಂಬ ಇಬ್ಬರು ವಿಜ್ಞಾನಿಗಳು 1970-71ರಲ್ಲಿ ಬೇರೆ ಬೇರೆಯಾಗಿಯೇ ಮಂಡಿಸಿದರು. ಗಿಡಕ್ಕೆ ಕಾಲಿಲ್ಲ. ತನ್ನ ಮಕ್ಕಳನ್ನು ಊರು ಬಿಡಿಸಲು ಅದು ಇನ್ನೊಬ್ಬರ ಕಾಲು, ರೆಕ್ಕೆಗಳನ್ನು ಬಾಡಿಗೆಗೆ ಹಿಡಿಯಲೇಬೇಕು.

ಮೊದಲು ಗಾಳಿ. ಮೇಜಿನ ಮೇಲೆ ಹತ್ತಿ ನಿಂತು ಹೊನ್ನೆಯ ಕಾಯಿಯನ್ನು ಕೈಬಿಡುತ್ತಿದ್ದೆ. ನಡುವೆ ಬೀಜ, ಸುತ್ತ ತೆಳ್ಳಗಿನ ಅಂಚು, ನೋಡಲು ಹಪ್ಪಳದ ಚೂರು. ಅದು ನೆಟ್ಟಗೆ ಬೀಳದೆ ತೇಲಾಡಿಕೊಂಡು ಯಾವುದಾದರೂ ಬೆಂಚಿನ ಮೇಲೆ ಇಳಿಯುತ್ತಿತ್ತು. ಮತ್ತಿಯ ಕಾಯಿಗೆ ಐದು ರೆಕ್ಕೆ. ಅದು ಗಿರಿಗಿಟ್ಟಲೆಯಂತೆ ಉರುಳಿಕೊಂಡು ಬರುತ್ತಿತ್ತು. ತೇಗದ ಕಾಯಿಗೆ ರೆಕ್ಕೆಯಿಲ್ಲ, ಗಾಳಿ ತುಂಬಿದ ಕಾಗದದ ಚೀಲದಂತಹ ಹೊದಿಕೆಯಿದೆ. ಗಾಳಿಗೂ ಉರುಳುತ್ತದೆ, ಮಳೆನೀರಿಗೂ ತೇಲುತ್ತದೆ. ಲಕ್ಕವಳ್ಳಿ, ಉಂಬ್ಳೇಬೈಲು ಕಡೆಯಿಂದ ಬರುತ್ತಿದ್ದ ಹುಡುಗರಿಗೆ ಇವೆಲ್ಲ ಮನೆಯ ಬಾಗಿಲ ಸರಕು. ಕೊನೆಗೆ ಬೂರುಗದ ಕಾಯಿ ಒಡೆದು ಹತ್ತಿಯನ್ನು ಊದಿದೆನೆಂದರೆ ಆ ದಿನದ ಪಾಠ ಮುಗಿದ ಹಾಗೆಯೇ! ಮುಂದಿನ ಅವಧಿಗೆ ಬಂದ ಗಣಿತದ ಮೇಷ್ಟರು ಸೀನುತ್ತಾ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಎಕ್ಕದ ಬೀಜವನ್ನು ನಾವು ಚಿಕ್ಕಂದಿನಲ್ಲಿ ಅಜ್ಜನ ಗಡ್ಡ ಎನ್ನುತ್ತಿದ್ದೆವು. ಅದನ್ನು ಹಿಡಿದು, ಮನಸ್ಸಿನಲ್ಲಿ ಏನಾದರೂ ಬೇಡಿಕೊಂಡು, ಮತ್ತೆ ಊದಿ ಬಿಡಬೇಕು. ನಾವು ಬೇಡಿಕೊಂಡದ್ದು ಆಯಿತೋ ಇಲ್ಲವೋ, ಎಕ್ಕದ ಕೆಲಸವಂತೂ ಆಗುತ್ತಿತ್ತು.

ನೀರಿನ ಪಾಠಕ್ಕೆ ಭದ್ರಾ ಹೊಳೆಯೇ ಇತ್ತು. ದಡದ ಹೊಂಗೆಯ ಚಪ್ಪಟೆ ಕಾಯಿ ಹೊಳೆಗೆ ಬಿದ್ದರೆ ಮುಳುಗದೆ ತೇಲುತ್ತದೆ. ತೋಟಗಳ ತೆಂಗಿನಕಾಯಿ ತೇಲಿ ಬರುವುದನ್ನು ಕಂಡಿದ್ದೇವೆ. ಲಕ್ಕವಳ್ಳಿಯ ಅಣೆಕಟ್ಟು ಪೂರ್ಣಗೊಳ್ಳುವ ಮೊದಲು ಹೊಳೆ ಪ್ರತಿ ಮಳೆಗಾಲದಲ್ಲೂ ತನ್ನಿಷ್ಟದಂತೆ ಉಕ್ಕುತ್ತಿತ್ತೆಂದು ಹಿರಿಯರು ಹೇಳುತ್ತಿದ್ದರು. ಈಗ ಬಾಗಿಲು ತೆರೆದರೆ ಪ್ರವಾಹ, ಮುಚ್ಚಿದರೆ ಬಂಡೆಗಳ ದರ್ಶನ. ಹೊಳೆಯ ಮೇಲೆ ಸವಾರಿ ಮಾಡುವ ಬೀಜಗಳೂ ಈಗ ಇಂಜಿನಿಯರರ ವೇಳಾಪಟ್ಟಿಯನ್ನು ಕಾಯಬೇಕು.

ಸಿಡಿಯುವ ಕಾಯಿಗಳೆಂದರೆ ಹೆಣ್ಣುಮಕ್ಕಳಿಗೆ ಬಲು ಇಷ್ಟ. ಗೌರಿ ಹಬ್ಬದ ಹೊತ್ತಿಗೆ ಮನೆಮನೆಯ ಅಂಗಳದಲ್ಲಿ ಕರ್ಣಕುಂಡಲ ಅರಳಿರುತ್ತದೆ. ಬಲಿತ ಕಾಯಿಯನ್ನು ಬೆರಳ ತುದಿಯಿಂದ ಮುಟ್ಟಿದರೆ ಸಾಕು, ಸಿಪ್ಪೆ ಸುರುಳಿ ಸುತ್ತಿಕೊಂಡು ಬೀಜವನ್ನು ಚಿಮ್ಮಿಸುತ್ತದೆ. ನೀರು ತುಂಬಿ ಬಿಗಿದ ಸಿಪ್ಪೆಯ ಬಲ ಅದು. ಕನಕಾಂಬರದ್ದು ಬೇರೆ ಉಪಾಯ. ಅದರ ಒಣಗಿದ ಕಾಯಿ ನೀರು ತಾಗಿದರೆ ಚಟ್ಟನೆ ಒಡೆಯುತ್ತದೆ. ಮಳೆ ಬಂತು, ಈಗ ಬಿದ್ದರೆ ಮೊಳೆಯಬಹುದು ಎಂದು ಅದಕ್ಕೆ ಗೊತ್ತು! ಹರಳಿನ ಕಾಯಿ ಮಾತ್ರ ಬಿಸಿಲಿಗೆ ಒಣಗಿ ಸಿಡಿಯುತ್ತದೆ. ಅದರ ಬೀಜದ ತುದಿಯಲ್ಲಿರುವ ಸಣ್ಣ ಗಂಟು ಇರುವೆಗಳಿಗೆ ತಿಂಡಿ. ಸಿಡಿದು ಬಿದ್ದದ್ದನ್ನು ಅವು ಇನ್ನಷ್ಟು ದೂರ ಎಳೆದುಕೊಂಡು ಹೋಗುತ್ತವೆ.

ಪ್ರಾಣಿಗಳ ವಿಷಯಕ್ಕೆ ಬಂದರೆ ಪಾಠ ಒಂದು ವಾರವಾದರೂ ಮುಗಿಯುತ್ತಿರಲಿಲ್ಲ. ಗಣೇಶನ ಇಪ್ಪತ್ತೊಂದು ಪತ್ರೆಗಳಲ್ಲಿ ಒಂದಾದ ಉತ್ತರಾಣಿ, ಪತ್ರೆ ಕೊಯ್ಯಲು ಹೋದವರ ಪಂಚೆಗೇ ತನ್ನ ಬೀಜವನ್ನು ಅಂಟಿಸಿ ಕಳಿಸುತ್ತದೆ. ಭಕ್ತಿಗೆ ಭಕ್ತಿ, ಪ್ರಸಾರಕ್ಕೆ ಪ್ರಸಾರ. ಮಾವಿನ ಮರದ ಬದನಿಕೆಯನ್ನು ಹರಡುವುದು ಹೆಬ್ಬೆರಳಿಗಿಂತ ದೊಡ್ಡದಲ್ಲದ ಬದನಿಕೆ ಹಕ್ಕಿ. ಅಂಟಂಟಾದ ಅದರ ಬೀಜ ಹಿಕ್ಕೆಯೊಡನೆ ಸುಲಭವಾಗಿ ಉದುರದೆ, ಹಕ್ಕಿ ತನ್ನ ಹಿಂಭಾಗವನ್ನು ಕೊಂಬೆಗೆ ಉಜ್ಜಿ ಕಳಚಿಕೊಳ್ಳುತ್ತದೆ. ಬೀಜ ಅಲ್ಲೇ ಅಂಟಿ ಮೊಳೆಯುತ್ತದೆ. ಇದನ್ನು ಹೇಳಿದ ದಿನ ತರಗತಿಯನ್ನು ಹತೋಟಿಗೆ ತರಲು ಬೆತ್ತ ಮುಟ್ಟಬೇಕಾಗುತ್ತಿತ್ತು. ಬಾವಲಿಗಳು ಅಡಿಕೆ ಹಣ್ಣಿನ ಸಿಪ್ಪೆಯ ರಸ ಹೀರಿ ಗೋಟನ್ನು ದೂರದಲ್ಲಿ ಉದುರಿಸುವುದನ್ನು ತೋಟದವರ ಮಕ್ಕಳೇ ನನಗೆ ಹೇಳಿಕೊಟ್ಟರು.

ಶ್ರೀಗಂಧದ ವಿಷಯ ಹೇಳುವಾಗ ಮಾತ್ರ ನನಗೆ ನಗು ಬರುತ್ತಿರಲಿಲ್ಲ. ನಮ್ಮ ಸೀಮೆ ಗಂಧದ ಸೀಮೆ. ಶಿವಮೊಗ್ಗದಲ್ಲಿ 1944ರಿಂದಲೇ ಗಂಧದೆಣ್ಣೆಯ ಕಾರ್ಖಾನೆ ಇತ್ತು. ಗಂಧದ ಕಪ್ಪು ಹಣ್ಣನ್ನು ಪಿಕಳಾರ, ಕೋಗಿಲೆ, ಕುಟ್ರಹಕ್ಕಿಗಳು ನುಂಗಿ ಬೇಲಿಯ ಮೇಲೆ ಕೂತು ಹಿಕ್ಕೆ ಹಾಕುತ್ತವೆ. ಬೇರಿನ ಮೂಲಕ ಪಕ್ಕದ ಗಿಡದಿಂದ ಆಹಾರ ಕದಿಯುವ ಸ್ವಭಾವ ಗಂಧದ್ದು; ಬೇಲಿಗಿಂತ ಒಳ್ಳೆಯ ಜಾಗ ಅದಕ್ಕೆ ಎಲ್ಲಿ ಸಿಕ್ಕೀತು? ಆದರೆ ಟಿಪ್ಪೂವಿನ ಕಾಲದಿಂದಲೂ ಗಂಧದ ಮರ ಯಾರ ನೆಲದಲ್ಲಿ ಹುಟ್ಟಿದರೂ ಸರ್ಕಾರದ ಸೊತ್ತು. ಅದು ಕಳುವಾದರೆ ವಿಚಾರಣೆ ನೆಲದವನಿಗೆ. ನನ್ನ ತಂದೆಯವರು ಪ್ರತಿ ಮಳೆಗಾಲ ಗದ್ದೆಯ ಬೇಲಿ ಸುತ್ತಿ, ಬೆರಳುದ್ದದ ಗಂಧದ ಸಸಿಗಳನ್ನು ಹುಡುಕಿ ಕೀಳುತ್ತಿದ್ದರು. ಕಳೆ ಕಿತ್ತಹಾಗೆ ಕೀಳುತ್ತಿರಲಿಲ್ಲ; ಕಿತ್ತದ್ದನ್ನು ಬೇಲಿಯ ಮೇಲೆ ಎಸೆಯದೆ ಮಣ್ಣಿನಲ್ಲಿ ಮುಚ್ಚುತ್ತಿದ್ದರು. ಹಕ್ಕಿ ಮಾಡಿದ್ದನ್ನು ಮನುಷ್ಯ ಹೆದರಿಕೆಯಿಂದ ಅಳಿಸುವುದನ್ನು ನಾನು ಮೊದಲು ನೋಡಿದ್ದು ಹೀಗೆ. ನೆಲದ ಒಡೆಯನಿಗೇ ಮರದ ಒಡೆತನ ಎಂದು ಕಾನೂನು ತಿದ್ದುಪಡಿಯಾದದ್ದು 2001ರಲ್ಲಿ. ಅಷ್ಟು ಹೊತ್ತಿಗೆ ತಂದೆಯವರೂ ಇರಲಿಲ್ಲ, ಆ ಬೇಲಿಯೂ ಇರಲಿಲ್ಲ.

ಇಷ್ಟು ಪಾಠ ಮಾಡಿ, ಕೊನೆಗೆ ಕಪ್ಪುಹಲಗೆಯ ಮೇಲೆ ನಾಲ್ಕು ಪದ ಬರೆಯುತ್ತಿದ್ದೆ: ಗಾಳಿ, ನೀರು, ಪ್ರಾಣಿ, ಸಿಡಿತ. "ಇದನ್ನು ಕಣ್ಣುಮುಚ್ಚಿಕೊಂಡು ಹೇಳಬೇಕು" ಎನ್ನುತ್ತಿದ್ದೆ. ಕಣ್ಣು ಮುಚ್ಚಿಕೊಂಡು ಎಂದು ಹೇಳಿದ್ದೇ ನನ್ನ ತಪ್ಪಿನ ಆರಂಭವಿರಬೇಕು.

1989ರ ವಾರ್ಷಿಕ ಪರೀಕ್ಷೆ. "ಬೀಜಪ್ರಸಾರದ ನಾಲ್ಕು ಮಾಧ್ಯಮಗಳನ್ನು ಹೆಸರಿಸಿ", ಎರಡು ಅಂಕದ ಪ್ರಶ್ನೆ. ಒಬ್ಬ ಹುಡುಗ ಗಾಳಿ, ನೀರು, ಪ್ರಾಣಿ ಎಂದು ಬರೆದು ನಾಲ್ಕನೆಯದಾಗಿ "ಲಾರಿ" ಎಂದು ಬರೆದಿದ್ದ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನ ತಂದೆ ಕಾಡಿನಿಂದ ಬಿದಿರು ಸಾಗಿಸುವ ಲಾರಿಯೊಂದರ ಚಾಲಕರು. ಹುಡುಗ ಹಿಂದಿನ ಬೆಂಚಿನವನು, ರಜೆಯಲ್ಲಿ ತಂದೆಯ ಜೊತೆ ಲಾರಿಯಲ್ಲಿ ಹೋಗುವವನು, ಸೋಮವಾರಗಳಂದು ಗೈರುಹಾಜರಾಗುವವನು. ನಾನು ಕೆಂಪು ಶಾಯಿಯಲ್ಲಿ ಲಾರಿಯ ಮೇಲೆ ಗೀಟು ಎಳೆದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಅದು ಬರಿಯ ಮೌಲ್ಯಮಾಪನವಾಗುತ್ತಿತ್ತು. ಆದರೆ ಉತ್ತರಪತ್ರಿಕೆಗಳನ್ನು ತೋರಿಸುವ ದಿನ ಅದನ್ನು ತರಗತಿಗೆ ಓದಿ ಹೇಳಿದೆ. "ಲಾರಿಗೆ ಕಾಯಿ ಬಿಡುತ್ತದೇನೋ, ಅಥವಾ ಕಾಯಿಗೆ ಲಾರಿ ಬಿಡುತ್ತದೇನೋ?" ಎಂದೆ. ಐವತ್ತು ಮಕ್ಕಳು ನಕ್ಕರು. ನಾನೂ ನಕ್ಕೆ. ಅವನು ನಿಂತೇ ಇದ್ದ. ಏಕೆ ಹಾಗೆ ಬರೆದೆ ಎಂದು ನಾನು ಕೇಳಲಿಲ್ಲ.

ವಿಜ್ಞಾನದಲ್ಲಿ ಅವನಿಗೆ 33 ಬಂದಿತ್ತು. ಉತ್ತೀರ್ಣನಾಗಲು 35 ಬೇಕು. ಲಾರಿಗೆ ಅರ್ಧ ಅಂಕ ಕೊಟ್ಟಿದ್ದರೂ ಅವನು ಉತ್ತೀರ್ಣನಾಗುತ್ತಿರಲಿಲ್ಲ. ಈ ಲೆಕ್ಕವನ್ನು ನನ್ನ ಸಮಾಧಾನಕ್ಕಾಗಿ ಎಷ್ಟು ಸಲ ಹಾಕಿದ್ದೇನೋ ನನಗೇ ಗೊತ್ತಿಲ್ಲ. ಜೂನ್‌ನಲ್ಲಿ ಶಾಲೆ ತೆರೆದಾಗ ಅವನು ಬರಲಿಲ್ಲ. ಲಾರಿಗೆ ಕ್ಲೀನರ್ ಆಗಿ ಹೋದನೆಂದು ಯಾರೋ ಹೇಳಿದರು. ಸರಿ ಎಂದೆ. ಆಗ ನನಗೆ ಮೂವತ್ತೊಂದು ವರ್ಷ. ಇಂಥವು ಮನಸ್ಸಿಗೆ ತಾಗದ ವಯಸ್ಸು.

ತಾಗಿದ್ದು ನಿವೃತ್ತಿಯಾಗಿ ಹಿತ್ತಿಲಿನ ಹಾಜರಿ ಆರಂಭಿಸಿದ ಮೇಲೆ. ಒಂದೊಂದು ಗಿಡವನ್ನೂ ಎಲ್ಲಿಂದ ಬಂದೆ ಎಂದು ಕೇಳುತ್ತಾ ಹೋದರೆ, ಅಶ್ವತ್ಥ ಒಂದನ್ನು ಬಿಟ್ಟು ಉಳಿದವರೆಲ್ಲ ಹೊರದೇಶದವರೇ. ಟೊಮೇಟೊ, ಮೆಣಸಿನಕಾಯಿ, ಪರಂಗಿಗಳು ಅಮೆರಿಕ ಖಂಡದವು. ಪೋರ್ಚುಗೀಸರ ಕಾಲದಿಂದೀಚೆಗೆ ಹಡಗು ಹತ್ತಿ ಬಂದವು. ಬೇಲಿಯ ಲಂಟಾನ ಕೂಡ ಅಲ್ಲಿಯದೇ. ಹೂವಿನ ಅಂದಕ್ಕೆಂದು ತಂದು ನೆಟ್ಟದ್ದು, ಹಕ್ಕಿಗಳ ಹೊಟ್ಟೆ ಸೇರಿ ಕಾಡು ಸೇರಿತು. ಅಶ್ವತ್ಥವಾದರೂ ಹಕ್ಕಿ ತಂದದ್ದು, ಸರಿ. ಆದರೆ ಅದು ಬೇರುಬಿಟ್ಟ ಬಿರುಕು ನಮ್ಮ ಗಾರೆಯವನ ಕೊಡುಗೆ. (ಅದನ್ನು ಕೀಳಲು ಮನೆಯಾಕೆ ಒಪ್ಪುತ್ತಿಲ್ಲ. ಗೋಡೆ ಬೀಳುವುದೋ ಅವಳು ಒಪ್ಪುವುದೋ, ಯಾವುದು ಮೊದಲೋ ನೋಡಬೇಕು.)

ಇನ್ನು ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಇದೂ ಅಮೆರಿಕ ಖಂಡದ್ದೇ. 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಇದು ಸಸ್ಯಶಾಸ್ತ್ರಜ್ಞರ ಕಣ್ಣಿಗೆ ಬಿತ್ತು. ಅಮೆರಿಕದಿಂದ ತರಿಸಿದ ಗೋಧಿಯೊಡನೆ ಬಂತೆಂಬುದು ಜನಜನಿತವಾದ ಮಾತು. ಅದಕ್ಕೂ ಮುಂಚೆಯೇ ಭಾರತದಲ್ಲಿ ಇದ್ದುದಕ್ಕೆ ಒಣಗಿಸಿಟ್ಟ ಮಾದರಿಗಳ ಸಾಕ್ಷ್ಯವಿದೆ ಎನ್ನುವವರೂ ಇದ್ದಾರೆ. ಹೇಗೇ ಬಂದಿರಲಿ, ಕೆಲವೇ ದಶಕಗಳಲ್ಲಿ ದೇಶವನ್ನೆಲ್ಲ ಆವರಿಸಿದ್ದು ಹೇಗೆ? ಒಂದೊಂದು ಗಿಡವೂ ಸಾವಿರಾರು ಬೀಜ ಬಿಡುತ್ತದೆ, ಅವು ಹಗುರ, ಗಾಳಿ ನೀರುಗಳೂ ಒಯ್ಯುತ್ತವೆ, ನಿಜ. ಆದರೆ ಅದು ಬೆಳೆದಿರುವ ಜಾಗಗಳನ್ನು ನೋಡಿ. ರಸ್ತೆಯ ಇಕ್ಕೆಲ, ರೈಲು ಹಳಿಯ ಅಂಚು, ಮಂಡಿಯ ಬಯಲು, ಮರಳು ಜಲ್ಲಿ ಸುರಿದ ನಿವೇಶನ. ಗಾಳಿ ಬೀಸುವುದು ಎಲ್ಲ ಕಡೆಗೆ. ಚಕ್ರ ಉರುಳುವುದು ಮಾತ್ರ ಹೀಗೆ ಗೆರೆ ಎಳೆದ ದಾರಿಯಲ್ಲಿ.

ಇಂಗ್ಲೆಂಡಿನಲ್ಲೂ ಇಂಥದೇ ಒಂದು ಕತೆಯಿದೆ. ಆಕ್ಸ್‌ಫರ್ಡಿನ ಸಸ್ಯೋದ್ಯಾನದಿಂದ ಹೊರಬಿದ್ದ ಹಳದಿ ಹೂವಿನ ಒಂದು ಗಿಡ ಕೆಲಕಾಲ ಊರಿನ ಗೋಡೆಗಳ ಮೇಲಷ್ಟೇ ಇತ್ತಂತೆ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂದ ಮೇಲೆ, ಹಳಿಗಳಿಗೆ ಹಾಸಿದ ಕಲ್ಲುಕರಿಯ ಮೇಲೆ ಬೇರೂರಿ ರೈಲು ಹೋದಲ್ಲೆಲ್ಲ ಹೋಯಿತು. ಅದನ್ನು ಆಕ್ಸ್‌ಫರ್ಡ್ ರ‍್ಯಾಗ್‌ವರ್ಟ್ ಎನ್ನುತ್ತಾರೆ.

ಮೊಮ್ಮಗಳು ಕಂಪ್ಯೂಟರಿನಲ್ಲಿ ಹುಡುಕುವುದನ್ನು ಕಲಿಸಿಕೊಟ್ಟ ಮೇಲೆ ಇಂಥವನ್ನೆಲ್ಲ ಓದತೊಡಗಿದೆ. ಒಂದು ರಾತ್ರಿ ಕಣ್ಣಿಗೆ ಬಿದ್ದದ್ದು ಆಸ್ಟ್ರೇಲಿಯಾದ ನೈಜೆಲ್ ವೇಸ್ ಎಂಬ ವಿಜ್ಞಾನಿಯ ಕೆಲಸ. ಆತ ಕ್ಯಾನ್‌ಬೆರಾ ನಗರದಲ್ಲಿ ಕಾರು ತೊಳೆಯುವ ಕಡೆ ಶೇಖರವಾದ ಕೆಸರನ್ನು ತಂದು ಮಣ್ಣಿನ ಮೇಲೆ ಹರಡಿ ನೀರು ಹಾಕಿ ಕಾದ. ಸಾವಿರಾರು ಸಸಿಗಳು ಎದ್ದವು, 250ಕ್ಕೂ ಹೆಚ್ಚು ಜಾತಿಯವು! ಈ ವರದಿ ಪ್ರಕಟವಾದ ವರ್ಷ 1977. ಅಂದರೆ ನಾನು ಕೆಂಪು ಗೀಟು ಎಳೆಯುವುದಕ್ಕೆ ಹನ್ನೆರಡು ವರ್ಷ ಮೊದಲು. ಹಿಂದಿನ ಬೆಂಚಿನ ಹುಡುಗನ ಉತ್ತರ ಪಠ್ಯಪುಸ್ತಕಕ್ಕಿಂತ ಮುಂದಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಅಂಕದ ವಿಷಯಕ್ಕಲ್ಲ, ನಗುವಿನ ವಿಷಯಕ್ಕೆ.

ಡಾರ್ವಿನ್ನನೂ ಹಿಂದೆ ಇಂಥದೇ ಮಾಡಿದ್ದ. ಒಂದು ಕವುಜುಗ ಹಕ್ಕಿಯ ಕಾಲಿಗೆ ಅಂಟಿದ್ದ ಮಣ್ಣಿನ ಉಂಡೆ, ತೂಕ ಆರೂವರೆ ಔನ್ಸು, ಮೂರು ವರ್ಷ ಒಣಗಿ ಬಿದ್ದಿದ್ದದ್ದು. ಅದನ್ನು ಪುಡಿಮಾಡಿ ನೀರು ಹಾಕಿದಾಗ 82 ಸಸಿಗಳು ಹುಟ್ಟಿದವು ಎಂದು ಬರೆದಿದ್ದಾನೆ. ಉಪ್ಪುನೀರಿನಲ್ಲಿ 87 ಬಗೆಯ ಬೀಜಗಳನ್ನು 28 ದಿನ ನೆನೆಹಾಕಿ, 64 ಬಗೆಯವು ಆಮೇಲೂ ಮೊಳೆತದ್ದನ್ನು ಕಂಡವನೂ ಅವನೇ. ಬೀಜ ಹೀಗೂ ಹೋಗಬಹುದೇ ಎಂಬ ಅನುಮಾನ ಬಂದಾಗ ಅವನು ಯಾರನ್ನೂ ನೋಡಿ ನಗಲಿಲ್ಲ. ಒಂದು ಪಾತ್ರೆ ತಂದು ನೀರು ತುಂಬಿದ.

ಹಾಗಾದರೆ ನಾನೂ ಒಂದು ಕುಂಡ ಇಡೋಣವೆಂದುಕೊಂಡೆ. ಲಾರಿಯ ಕೆಸರು ಬೇಕು. ಬಿ.ಎಚ್. ರಸ್ತೆಯ ಬದಿಯಲ್ಲಿ ಒಂದು ಪಂಚರ್ ಅಂಗಡಿ ಇದೆ, ಅದು ಯಾರದೆಂಬುದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಅವನೇ. ಹದಿನೈದಿಪ್ಪತ್ತು ವರ್ಷ ಲಾರಿ ಓಡಿಸಿ, ಬೆನ್ನುನೋವು ಬಂದು, ಅಂಗಡಿ ಹಾಕಿಕೊಂಡಿದ್ದಾನೆ. ದಾರಿಯಲ್ಲಿ ಕಂಡಾಗಲೆಲ್ಲ "ನಮಸ್ಕಾರ ಸಾರ್" ಎಂದು ಎದ್ದು ನಿಲ್ಲುತ್ತಾನೆ. ನಾನು ತಲೆಯಾಡಿಸಿ ಮುಂದೆ ಹೋಗುತ್ತಿದ್ದೆ. ಅಂದು ನಿಂತೆ.

"ಒಂದು ಸೇರಿನಷ್ಟು ಮಣ್ಣು ಬೇಕಾಗಿತ್ತಪ್ಪ. ಲಾರಿ ಚಕ್ರದ ಮೇಲಿನ ಮಡ್‌ಗಾರ್ಡಿನ ಒಳಗೆ ಮೆತ್ತಿಕೊಂಡಿರುತ್ತಲ್ಲ, ಅದು."

"ಯಾಕೆ ಸಾರ್, ಪೂಜೆಗಾ?" ಎಂದ. ಯಾವ ಪೂಜೆಗೆ ಲಾರಿಯ ಕೆಸರು ಬೇಕೋ ನಾನರಿಯೆ; ಆದರೂ ನಿವೃತ್ತ ಮೇಷ್ಟರು ಏನು ಬೇಕಾದರೂ ಕೇಳಬಹುದೆಂಬ ಸೌಜನ್ಯ ಅವನಲ್ಲಿತ್ತು. ಅಂದು ಟೈರು ಬಿಚ್ಚಿದ್ದ ಎರಡು ಲಾರಿಗಳಿಂದ ಕೆರೆದು, ಗೊಬ್ಬರದ ಚೀಲದ ಚೂರಿನಲ್ಲಿ ಕಟ್ಟಿಕೊಟ್ಟ.

ಪ್ರಯೋಗವೆಂದ ಮೇಲೆ ಕಟ್ಟುನಿಟ್ಟಾಗಿರಬೇಕು. ಕುಂಡದ ತಳಕ್ಕೆ ಹಾಕುವ ಮಣ್ಣಿನಲ್ಲಿ ಮೊದಲೇ ಬೀಜಗಳಿರಬಾರದೆಂದು ಅದನ್ನು ಬಾಣಲೆಯಲ್ಲಿ ಹುರಿದೆ. (ಅದು ರವೆ ಹುರಿಯುವ ಬಾಣಲೆಯೆಂದು ಆಮೇಲೆ ತಿಳಿಯಿತು. ಆ ಪ್ರಸಂಗ ಇಲ್ಲಿ ಬೇಡ.) ಗಾಳಿಯಲ್ಲಿ ಬೇರೆ ಬೀಜ ಬಂದು ಬೀಳದಂತೆ ಹಳೆಯ ಸೊಳ್ಳೆಪರದೆಯನ್ನು ಎರಡು ಮಡಿಕೆ ಮಾಡಿ ಹೊದಿಸಿದೆ. ಇಂಥದೇ ಇನ್ನೊಂದು ಕುಂಡಕ್ಕೆ ಲಾರಿಯ ಮಣ್ಣು ಹಾಕದೆ ಬರಿಯ ಹುರಿದ ಮಣ್ಣು ತುಂಬಿ ಪಕ್ಕದಲ್ಲಿಟ್ಟೆ. ತಾರಸಿಯ ಮೇಲೆ ದಿನಕ್ಕೆರಡು ಬಾರಿ ನೀರು.

ಐದನೆಯ ದಿನ ಮೊದಲ ಹಸಿರು. ಮೂರು ವಾರ ಕಳೆಯುವಷ್ಟರಲ್ಲಿ ಹತ್ತೊಂಬತ್ತು ಸಸಿ. ನಿರೀಕ್ಷೆಯಂತೆ ಏಳು ಕಾಂಗ್ರೆಸ್ ಗಿಡ. ನಾಲ್ಕು ಹುಲ್ಲಿನವು, ಎರಡು ಮುಳ್ಳುಕೀರೆ, ಒಂದು ನೆಲನೆಲ್ಲಿ. ಮೂರು ಸಸಿಗಳು ಗುರುತು ಹಿಡಿಯುವ ಮೊದಲೇ ಕೊಳೆತವು. ಒಂದು ರಾಗಿ! ಯಾವ ಊರಿನ ಕಣದ್ದೋ, ಯಾವ ಚೀಲದಿಂದ ಸೋರಿದ್ದೋ. ಉಳಿದ ಇನ್ನೊಂದು ಮಾತ್ರ ನನಗೆ ಹೊಳೆಯಲಿಲ್ಲ. ಗರಿಯಂತೆ ಒಡೆದ ಎಲೆ, ಹುಣಸೆಯ ಸಸಿಯಿರಬಹುದೆಂದು ಕಂಡರೂ ಹುಣಸೆಯದಲ್ಲ. ಪಕ್ಕದ ಕುಂಡ ಬರಿದಾಗಿಯೇ ಇತ್ತು.

ಒಂದು ಸಂಜೆ ಅವನೇ ಮನೆಗೆ ಬಂದ. "ಸಾರ್, ನಮ್ಮ ಮಣ್ಣು ಏನಾಯ್ತು?" ತಾರಸಿಗೆ ಕರೆದುಕೊಂಡು ಹೋಗಿ ಪರದೆ ಸರಿಸಿ ತೋರಿಸಿದೆ. ಬಗ್ಗಿ ಬಹಳ ಹೊತ್ತು ನೋಡಿದ. ನಾನು ಮೂರು ದಿನದಿಂದ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತನ್ನು ಆಗ ಹೇಳಿದೆ. ಎಂಟನೇ ಕ್ಲಾಸಿನ ಪರೀಕ್ಷೆಯಲ್ಲಿ ನೀನು ಲಾರಿ ಎಂದು ಬರೆದಿದ್ದೆ, ನಾನು ತಪ್ಪು ಹಾಕಿ ಎಲ್ಲರೆದುರು ನಗೆಯಾಡಿದೆ, ಅದು ತಪ್ಪಾಗಿರಲಿಲ್ಲ, ತಪ್ಪು ನನ್ನದು ಎಂದೆ.

ಅವನು ನನ್ನ ಮುಖವನ್ನೇ ನೋಡಿದ. "ಹಂಗೆ ಬರ್ದಿದ್ನಾ ಸಾರ್? ನೆನಪಿಲ್ಲ. ಫೇಲಾಗಿದ್ದು ನೆನಪೈತೆ."

ನಾನು ಏನೂ ಹೇಳಲಿಲ್ಲ. ಅವನೇ ಸ್ವಲ್ಪ ಹೊತ್ತು ಬಿಟ್ಟು ಮುಂದುವರಿಸಿದ. "ಅಪ್ಪನ ಲಾರಿ ತೊಳೆಯೋದು ನನ್ನ ಕೆಲಸ ಆಗಿತ್ತು. ಮನೆ ಪಕ್ಕದ ಖಾಲಿ ಜಾಗದಲ್ಲಿ ನಿಲ್ಸಿ ತೊಳೀತಿದ್ವಿ. ಆ ನೀರು ಹರಿದು ಹೋದ ಕಡೆಯೆಲ್ಲ ಏನೇನೋ ಗಿಡ ಹುಟ್ಟೋದು ಸಾರ್. ನಮ್ಮ ಕೇರೀಲಿ ಎಲ್ಲೂ ಇಲ್ಲದ್ದು. ಅಮ್ಮ ಬೈಯ್ಯೋಳು, ಕಾಡೆಲ್ಲ ಮನೆಗೆ ತಂದ್ರಿ ಅಂತ."

ಕ್ಯಾನ್‌ಬೆರಾದ ವಿಜ್ಞಾನಿ ಕಂಡದ್ದು ಇದನ್ನೇ. ಏಕೆ ಹಾಗೆ ಬರೆದೆ ಎಂದು 1989ರಲ್ಲಿ ಕೇಳಿದ್ದರೆ ಆ ಹುಡುಗ ಇದೇ ಮಾತನ್ನು ತರಗತಿಗೆ ಹೇಳುತ್ತಿದ್ದ. ಐವತ್ತು ಮಕ್ಕಳು ಕೇಳಿಸಿಕೊಳ್ಳುತ್ತಿದ್ದರು.

ಇಷ್ಟು ಹೊತ್ತಿಗೆ ಅವನಿಗೆ ಈ ಮಾತುಗಳೆಲ್ಲ ಮುಜುಗರವಾಗಿತ್ತೆಂದು ಕಾಣುತ್ತದೆ. ಕುಂಡದ ಕಡೆ ತಿರುಗಿ, "ಇದ್ಯಾಕೆ ಸಾರ್, ಇದನ್ನ ಬಿಟ್ಟಿದ್ದೀರಾ?" ಎಂದು ಆ ಗರಿಯೆಲೆಯ ಸಸಿಯನ್ನು ತೋರಿಸಿದ.

"ಅದು ಯಾವುದೆಂದೇ ನನಗೆ ತಿಳಿಯಲಿಲ್ಲಪ್ಪ."

"ಬಳ್ಳಾರಿ ಜಾಲಿ ಸಾರ್! ಹೊಸಪೇಟೆ ಕಡೆ ಅದಿರು ಲೋಡಿಗೆ ಹೋಗ್ತಿದ್ದಾಗ ರಸ್ತೆ ಎರಡೂ ಕಡೆ ಇದೇ. ಇದರ ಮುಳ್ಳಿಗೆ ಎಷ್ಟು ಪಂಚರ್ ಆಗಿದೆ ಅಂತೀರಿ." ಕೀಳಲು ಬೆರಳು ಹಾಕಿದವನು ಯಾಕೋ ಕೈ ಹಿಂತೆಗೆದ. "ಇರ್ಲಿ ಬಿಡಿ. ದೊಡ್ಡದಾದ್ರೆ ನಮಗೇ ವ್ಯಾಪಾರ" ಎಂದು ಜೋರಾಗಿ ನಕ್ಕ. ಕೆಳಗಿನಿಂದ ಮನೆಯಾಕೆ ಕಾಫಿಗೆ ಕರೆದಳು.

ಬಯಲುಸೀಮೆಯ ಆ ಜಾಲಿ ನಮ್ಮ ಮಳೆಗೆ ಹೆಚ್ಚು ದಿನ ನಿಲ್ಲುವಂಥದಲ್ಲ. ಜುಲೈನ ಜಡಿ ಹಿಡಿಯುವ ಮೊದಲೇ ಒಂದು ಬೆಳಗ್ಗೆ ಅದನ್ನು ಬೇರುಸಹಿತ ಬಿಡಿಸಿ, ಪತ್ರಿಕೆಗಳ ನಡುವೆ ಒತ್ತಿಟ್ಟೆ. ಒಣಗಿದ ಮೇಲೆ ಅಟ್ಟದಿಂದ ಹಳೆಯ ದಪ್ಪ ಹಾಳೆಯೊಂದನ್ನು ಇಳಿಸಿ, ಹೊಲಿದು, ಕೆಳಗೆ ನಾಲ್ಕು ಸಾಲು ತುಂಬಿದೆ. ಹೆಸರು: ಬಳ್ಳಾರಿ ಜಾಲಿ. ಸ್ಥಳ: ಓಲ್ಡ್ ಟೌನ್, ಭದ್ರಾವತಿ. ಮೂರನೆಯ ಸಾಲಿಗೆ ದಿನಾಂಕ. ಪ್ರಸಾರದ ಮಾಧ್ಯಮ: ಲಾರಿ.